ಸಂಜೆ ಏಳರ ಹಸಿವು: ನಮ್ಮ ಕಚೇರಿಯ ತಿನಿಸು ಬದಲಿಸಿದ ಬಗೆ

ಬೆಳಗಾವಿಯ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರ ಆಡಳಿತ ನೋಡಿಕೊಳ್ಳುವ ನನ್ನ ಪಾಲಿಗೆ ಇಂಟರ್‌ನೆಟ್ ಬಿಲ್ಲು, ಜನರೇಟರಿನ ಡೀಸೆಲ್ಲುಗಳ ಜೊತೆಗೆ ಪ್ಯಾಂಟ್ರಿಯ ತಿನಿಸಿನ ಖರೀದಿಯೂ ಬರುತ್ತದೆ. ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಅಮೆರಿಕದ ಪೂರ್ವ ಕರಾವಳಿಯವರಾದ್ದರಿಂದ ಇಲ್ಲಿನ ಹುಡುಗ ಹುಡುಗಿಯರು ಮಧ್ಯಾಹ್ನದ ಊಟ ಮುಗಿಸಿಕೊಂಡು ಕೆಲಸಕ್ಕೆ ಬಂದು, ರಾತ್ರಿ ಹತ್ತರ ಮೇಲೆ ಮನೆಗೆ ಹೊರಡುತ್ತಾರೆ. ಈ ನಡುವೆ ಅವರ ಹೊಟ್ಟೆಗೆ ಬೀಳುವುದು ಒಂದೋ ನಾನು ತರಿಸಿಟ್ಟದ್ದು, ಇಲ್ಲವೇ ಕೆಳಗಿನ ಗಾಡಿಯ ವಡಾಪಾವ್.

ಮೊದಲು ನಮ್ಮಲ್ಲಿದ್ದುದು ಎಲ್ಲ ಕಚೇರಿಗಳಲ್ಲೂ ಇರುವಂಥದ್ದೇ: ಖಾರಿ, ಟೋಸ್ಟ್, ಕ್ರೀಮ್ ಬಿಸ್ಕತ್ತು, ಚಿಪ್ಸ್. ಅವುಗಳ ಜಾಗ ಚಹಾದ ಯಂತ್ರದ ಪಕ್ಕದ ಗಾಜಿನ ಭರಣಿಗಳು. ತಿನಿಸಿನ ಖರ್ಚು ಏರುತ್ತಲೇ ಇದ್ದಾಗ ಪ್ಯಾಂಟ್ರಿಯಲ್ಲಿ ನಿಂತು ಗಮನಿಸತೊಡಗಿದೆ. ಹಸಿದು ಬಂದವರು ಕಡಿಮೆ. ಬರೆದ ಕೋಡಿನಿಂದ ಕಂಪ್ಯೂಟರು ಓಡಬಲ್ಲ ಪ್ರೋಗ್ರಾಮನ್ನು ಸಿದ್ಧಪಡಿಸುವ “ಬಿಲ್ಡ್” ನಡೆಯುತ್ತಿರುವಾಗ, ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಲೆಂದು ಕಾಯುತ್ತಿರುವಾಗ, ಕುರ್ಚಿಯಿಂದ ಏಳಲು ಒಂದು ನೆಪ ಬೇಕಾಗಿ ಬಂದವರೇ ಬಹಳ. ಲೋಟ ತುಂಬುವಷ್ಟರಲ್ಲಿ ಇನ್ನೊಂದು ಕೈ ಭರಣಿಯೊಳಗೆ ಇಳಿದಿರುತ್ತಿತ್ತು. ಪ್ಯಾಂಟ್ರಿ ನೋಡಿಕೊಳ್ಳುವ ಅಕ್ಕನಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. “ಚಾದ ಬಾಜೂಕ ಇಟ್ಟರ ಕೈ ತಾನ ಹೋಗತೈತ್ರಿ ಸರ, ಅದಕ್ಕ ಹಸಿವಿ ಯಾಕ ಬೇಕು?” ಎಂದರು.

ಅಕ್ಕ ಹೇಳಿದ್ದನ್ನು ಅಳೆದು ನೋಡಿದವರೂ ಇದ್ದಾರೆ. ಗೂಗಲ್ ಕಂಪನಿಯ ಕಚೇರಿಯೊಂದರಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾನೀಯದ ಜಾಗ ತಿನಿಸಿನಿಂದ ಸುಮಾರು ಎರಡು ಮೀಟರ್ ದೂರವಿದ್ದಾಗ ಗಂಡಸರಲ್ಲಿ 23 ಪ್ರತಿಶತ ಮಂದಿ ತಿನಿಸನ್ನೂ ಎತ್ತಿಕೊಂಡರೆ, ಐದು ಮೀಟರಿಗೂ ಹೆಚ್ಚು ದೂರವಿದ್ದಾಗ ಎತ್ತಿಕೊಂಡವರು 12 ಪ್ರತಿಶತ ಮಾತ್ರ. ಹೆಂಗಸರಲ್ಲಿ ಈ ವ್ಯತ್ಯಾಸ ಚಿಕ್ಕದಿತ್ತು. ನಾವು ತಿನಿಸನ್ನು ಚಹಾದ ಕಟ್ಟೆಯಿಂದ ತೆಗೆದು ಊಟದ ಮೇಜಿನ ಆಚೆಯ ಕಪಾಟಿಗೆ ಸಾಗಿಸಿ, ಗಾಜಿನ ಭರಣಿಗಳ ಬದಲು ಸ್ಟೀಲ್ ಡಬ್ಬಿಗಳನ್ನು ಇಟ್ಟೆವು. ಯಾರಿಗೂ ಏನನ್ನೂ ನಿಷೇಧಿಸಲಿಲ್ಲ, ಗೋಡೆಗೆ ಆರೋಗ್ಯದ ಪೋಸ್ಟರನ್ನೂ ಅಂಟಿಸಲಿಲ್ಲ. ಅಂಥ ಪೋಸ್ಟರನ್ನು ಓದಿ ಬಿಸ್ಕತ್ತು ಬಿಟ್ಟವರನ್ನು ನಾನಂತೂ ಕಂಡಿಲ್ಲ.

ಜಾಗಕ್ಕಿಂತ ಹೊತ್ತಿನ ವಿಷಯ ಹೆಚ್ಚು ತೊಡಕಿನದು. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ರವಿವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೂ, ನವೆಂಬರ್ ತಿಂಗಳ ಮೊದಲ ರವಿವಾರ ಒಂದು ತಾಸು ಹಿಂದಕ್ಕೂ ತಿರುಗಿಸುತ್ತಾರೆ. ಹೀಗಾಗಿ ನ್ಯೂಯಾರ್ಕಿನವರ ಬೆಳಗಿನ ಒಂಬತ್ತೂವರೆಯ ಸಭೆ ಬೇಸಿಗೆಯಲ್ಲಿ ನಮಗೆ ಸಂಜೆ ಏಳಕ್ಕೆ ಬಂದರೆ, ಚಳಿಗಾಲದಲ್ಲಿ ರಾತ್ರಿ ಎಂಟಕ್ಕೆ ಬರುತ್ತದೆ. ಏಳರ ಸಭೆಯಾದರೆ ಅದು ಮುಗಿದ ಮೇಲೆ ಎಲ್ಲರೂ ಕೂತು ಬುತ್ತಿ ಬಿಚ್ಚುತ್ತಾರೆ. ಎಂಟರ ಸಭೆಯಾದರೆ ಅದಕ್ಕೆ ಮುಂಚೆ ಉಣ್ಣಲು ಮನಸ್ಸಿಲ್ಲ, ಮುಗಿಯುವಷ್ಟರಲ್ಲಿ ಒಂಬತ್ತು ದಾಟಿರುತ್ತದೆ. ಆದ್ದರಿಂದ ಮೈಕನ್ನು ಮ್ಯೂಟ್ ಮಾಡಿ ಚಿಪ್ಸಿನ ಪ್ಯಾಕೆಟ್ ಒಡೆಯುತ್ತಾರೆ. (ಮ್ಯೂಟ್ ಮಾಡಲು ಮರೆತು, ಕುರುಕುರು ಸದ್ದನ್ನು ಗ್ರಾಹಕರಿಗೆ ಕೇಳಿಸಿದವರೂ ಉಂಟು.) ನವೆಂಬರಿನಿಂದ ಚಿಪ್ಸಿನ ಬಿಲ್ಲು ಏರುವುದಕ್ಕೆ ಬೆಳಗಾವಿಯ ಚಳಿ ಕಾರಣವೆಂದು ನಮ್ಮಲ್ಲಿ ಮಾತಿತ್ತು, ಸಭೆಗಳ ವೇಳಾಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದಾಗ ಕಾರಣ ಗಡಿಯಾರವೆಂದು ತಿಳಿಯಿತು.

ಈಗ ಬೇಸಿಗೆಯಲ್ಲಿ ಐದೂವರೆಗೆ ಹಗುರವಾದುದನ್ನು ಕೊಡುತ್ತೇವೆ. ಚಳಿಗಾಲದಲ್ಲಿ ಆರೂಮುಕ್ಕಾಲರ ಹೊತ್ತಿಗೆ ಚುರುಮುರಿಯಿಂದ ಮಾಡುವ ಸುಸಲಾ, ಗಿರ್ಮಿಟ್ ಇಲ್ಲವೇ ಒಗ್ಗರಣೆ ಅವಲಕ್ಕಿಯಂಥ, ಒಂಬತ್ತರವರೆಗೆ ಹೊಟ್ಟೆ ತಡೆಯುವಂಥದ್ದನ್ನು ಬಿಸಿಯಾಗಿ ತಟ್ಟೆಗೆ ಹಾಕಿಕೊಡುತ್ತೇವೆ. ತಟ್ಟೆಯಲ್ಲಿ ಕೊಟ್ಟದ್ದನ್ನು ಜನ ಪರದೆ ಬಿಟ್ಟು ಎದ್ದು ಬಂದು ತಿನ್ನುತ್ತಾರೆ, ಎಷ್ಟು ತಿಂದೆವೆಂಬುದೂ ಅವರ ಗಮನಕ್ಕೆ ಬರುತ್ತದೆ. ಪ್ಯಾಕೆಟ್ಟಿನಿಂದ ತಿನ್ನುವಾಗ ಇವೆರಡೂ ಆಗುವುದಿಲ್ಲ.

ಕಪಾಟಿನ ಡಬ್ಬಿಗಳಲ್ಲಿ ಹುರಿದ ಶೇಂಗಾ, ಪುಠಾಣಿ, ವಿಜಯಪುರ ಕಡೆಯ ಒಣದ್ರಾಕ್ಷಿ ಇರುತ್ತವೆ. ಶೇಂಗಾ ಹಗುರವೆಂದು ನಂಬಬಾರದು: 100 ಗ್ರಾಂ ಶೇಂಗಾದಲ್ಲಿ 560 ಕ್ಯಾಲರಿಗೂ ಮೇಲಿರುತ್ತದೆ, ಚಿಪ್ಸಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಷ್ಟೇ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದ್ದು, ಒಂದು ಹಿಡಿ ತಿಂದವರು ಮತ್ತೆ ಡಬ್ಬಿಯ ಕಡೆ ಬರುವುದು ತಡವಾಗುತ್ತದೆ. ಡಬ್ಬಿಯಲ್ಲಿ ಸಣ್ಣ ಬಟ್ಟಲೊಂದನ್ನು ಅಳತೆಗೆಂದು ಇಟ್ಟಿದ್ದೇವೆ. ಕುರುಕಲು ಬೇಕೆನ್ನುವವರಿಗಾಗಿ ಮಹಿಳಾ ಸಂಘದವರಿಂದ ಜೋಳದ ಕಡಕ್ ರೊಟ್ಟಿ ತರಿಸುತ್ತೇವೆ. ಅದನ್ನು ಮುರಿದು ಶೇಂಗಾ ಚಟ್ನಿಪುಡಿ, ಮೊಸರಿನ ಜೊತೆ ತಿನ್ನಲು ಬೆಂಗಳೂರಿನಿಂದ ಬಂದು ಸೇರಿದ ಹುಡುಗರು ನಮ್ಮವರಿಗಿಂತ ಮುಂದು. “ಮಲ್ಟಿಗ್ರೇನ್” ಬಿಸ್ಕತ್ತಿನ ಬೇಡಿಕೆ ಬಂದಾಗ ಪ್ಯಾಕೆಟ್ಟನ್ನು ಹಿಂದುಮುಂದಾಗಿ ತಿರುಗಿಸಿ ತೋರಿಸಿದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಬೇಕೆಂಬುದು ನಿಯಮ. ಆ ಪಟ್ಟಿಯಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ ಮತ್ತು ತಾಳೆ ಎಣ್ಣೆ, ಕಾಳುಗಳ ಹಿಟ್ಟು ಬಹಳ ಕೆಳಗೆ ಇದ್ದವು.

ಚಹಾದ ಯಂತ್ರವನ್ನೂ ವಾಪಸು ಕಳಿಸಿದೆವು. ಅದಕ್ಕೆ ಹಾಕುವ ಪುಡಿಯಲ್ಲಿ ಸಕ್ಕರೆ ಮೊದಲೇ ಬೆರೆತಿರುತ್ತಿದ್ದುದರಿಂದ ಕಡಿಮೆ ಬೇಕೆನ್ನುವವರಿಗೆ ದಾರಿಯೇ ಇರಲಿಲ್ಲ. ಲೋಟಕ್ಕೆ ಎರಡು ಚಮಚ, ಅಂದರೆ ಹತ್ತು ಗ್ರಾಂ ಎಂದು ಹಿಡಿದರೂ ನಾಲ್ಕು ಲೋಟಕ್ಕೆ 40 ಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ದಿನದ ಒಟ್ಟು ಶಕ್ತಿಯ ಹತ್ತನೇ ಒಂದಂಶಕ್ಕಿಂತ ಕಡಿಮೆ, ಅಂದರೆ 2000 ಕ್ಯಾಲರಿ ತಿನ್ನುವವರಿಗೆ 50 ಗ್ರಾಂ. ಈಗ ಅಕ್ಕನೇ ಚಹಾ ಕುದಿಸಿ ಥರ್ಮಾಸಿಗೆ ತುಂಬುತ್ತಾರೆ, ಸಕ್ಕರೆಯ ಡಬ್ಬಿ ಬೇರೆ ಇರುತ್ತದೆ.

ಮಳೆಗಾಲದಲ್ಲಿ ಮಾತ್ರ ಈ ಏರ್ಪಾಡಿಗೆ ಕಷ್ಟ. ಜೂನ್ ಕಳೆಯಿತೆಂದರೆ ಇಲ್ಲಿಯ ತೇವಕ್ಕೆ ಚುರುಮುರಿ ಮೆತ್ತಗಾಗುತ್ತದೆ, ಶೇಂಗಾ ಕಮಟು ಹಿಡಿಯುತ್ತದೆ. ಬೂಷ್ಟು ಕಂಡ ಶೇಂಗಾವನ್ನು ಆರಿಸಿ ಉಳಿಸಿಕೊಳ್ಳಬಾರದು, ಅದರಲ್ಲಿ ಅಫ್ಲಟಾಕ್ಸಿನ್ ವಿಷ ಇರಬಹುದಾದ್ದರಿಂದ ಇಡೀ ಡಬ್ಬಿಯನ್ನೇ ಚೆಲ್ಲಬೇಕು. ಆ ತಿಂಗಳುಗಳಲ್ಲಿ ವಾರಕ್ಕೆ ಬೇಕಾದಷ್ಟನ್ನೇ ತರಿಸುತ್ತೇವೆ.

ಕುಂದಾ, ಕರದಂಟುಗಳ ಗೊಡವೆಗೆ ನಾವು ಹೋಗಲಿಲ್ಲ. ಬಡ್ತಿ ಸಿಕ್ಕವರು ಕುಂದಾದ ಡಬ್ಬಿ ತರುತ್ತಾರೆ, ಗೋಕಾಕಕ್ಕೋ ಅಮೀನಗಡಕ್ಕೋ ಹೋಗಿಬಂದವರು ಕರದಂಟು ತರುತ್ತಾರೆ, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಕಚೇರಿಯ ತಿನಿಸಿನ ಲೆಕ್ಕಕ್ಕೆ ಅದನ್ನು ಎಳೆಯಬಾರದೆಂಬುದು ನನ್ನ ಅಭಿಪ್ರಾಯ. ಇನ್ನೂ ಕೈಗೆ ಹತ್ತದೆ ಉಳಿದಿರುವುದು ರಿಲೀಸಿನ ರಾತ್ರಿಗಳು. ಹೊಸ ಆವೃತ್ತಿಯನ್ನು ಏರಿಸಿ ನಸುಕಿನವರೆಗೆ ಕಾವಲು ಕೂರುವವರು ಪುಠಾಣಿಯ ಡಬ್ಬಿಯನ್ನು ಮುಟ್ಟುವುದಿಲ್ಲ. ಅಂದು ಒಂಬತ್ತಕ್ಕೆಲ್ಲ ಊಟ ತರಿಸಿ, ನಡುರಾತ್ರಿಗೆಂದು ಮೊಟ್ಟೆ, ಬಾಳೆಹಣ್ಣು, ಮಜ್ಜಿಗೆ ಇಡಲು ಶುರುಮಾಡಿದ್ದೇನೆ. ಮೊಟ್ಟೆ ಖಾಲಿಯಾಗುತ್ತದೆ, ಬಾಳೆಹಣ್ಣು ಅರ್ಧ ಉಳಿಯುತ್ತದೆ, ಅದರ ಜೊತೆಗೆ ಕೆಳಗಿನ ಗಾಡಿಯವನಿಗೆ ಮಿರ್ಚಿ ಭಜಿಯ ಆರ್ಡರೂ ಹೋಗುತ್ತದೆ.