ಆರೋಗ್ಯ ವಿಮೆ: ಒಂದು ಭಾನುವಾರ ಕಡತ ಬಿಚ್ಚಿ ಕೂರುವುದು ಹೇಗೆ?

2023ರಲ್ಲಿ ನಮ್ಮತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ "ಇವತ್ತು ಮನೆಗೆ ಹೋಗಬಹುದು" ಎಂದರು. ನಾವು ಬಟ್ಟೆಬರೆ ಕಟ್ಟಿಕೊಂಡು ಕೂತೆವು. ವಿಮೆ ಕಂಪನಿಯ ಮಂಜೂರಾತಿ ಬಂದು ಆಸ್ಪತ್ರೆ ಗೇಟು ದಾಟುವಾಗ ರಾತ್ರಿ ಒಂಬತ್ತು ಗಂಟೆ. ಅಷ್ಟು ಕಾದರೂ ಬಿಲ್ಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ನಮ್ಮ ಕೈಯಿಂದಲೇ ಹೋಯಿತು. ಯಾಕೆ ಎಂದು ಕೇಳಿದರೆ ಕೌಂಟರಿನ ಹುಡುಗ ಪಾಲಿಸಿಯ ಎಂಟನೇ ಪುಟ ತೋರಿಸಿದ. ಆರು ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದೆ. ಎಂಟನೇ ಪುಟ ಮಾತ್ರ ಒಮ್ಮೆಯೂ ತೆರೆದಿರಲಿಲ್ಲ.

ಅದಾದ ಮೇಲೆ ದೇಶದ ಆರೋಗ್ಯ ವಿಮೆ ನಿಯಮಗಳು ಸಾಕಷ್ಟು ಬದಲಾಗಿವೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಕಂಪನಿಗಳ ಕೈ ಒಂದಷ್ಟು ಕಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಪ್ರೀಮಿಯಂ ಮೇಲಿನ ಜಿಎಸ್‌ಟಿ ಹೋಯಿತು. ಸರ್ಕಾರದ ಉಚಿತ ಚಿಕಿತ್ಸೆ ಯೋಜನೆಗೆ 70 ದಾಟಿದವರೆಲ್ಲ ಅರ್ಹರಾದರು. ಸುದ್ದಿ ಬಂದ ದಿನ ಎಲ್ಲರೂ ಓದಿದ್ದೇವೆ. ಆದರೆ ಈ ನಿಯಮಗಳು ತಾವಾಗಿಯೇ ಬಂದು ನಮ್ಮ ಬಿಲ್ ಕಡಿಮೆ ಮಾಡುವುದಿಲ್ಲ. ಅವು ನಮ್ಮ ಕಡತದಲ್ಲಿ ಎಲ್ಲಿ ಕೂತಿವೆ ಎಂದು ಕಾಯಿಲೆ ಬರುವ ಮೊದಲೇ ನೋಡಿಕೊಳ್ಳಬೇಕು. ಒಂದು ಭಾನುವಾರ ಮಧ್ಯಾಹ್ನ ಸಾಕು.

ಮೊದಲು, ಮನೆಯಲ್ಲಿ ಏನೇನಿದೆ?

ಮನೆಯವರೆಲ್ಲರ ಕಾರ್ಡು, ಪಾಲಿಸಿ ಒಂದೇ ಕಡೆ ತೆಗೆದಿಡಿ. ಹೆಚ್ಚಿನ ಮನೆಗಳಲ್ಲಿ ತಮಗೆ ಏನಿದೆ ಎಂಬುದೇ ಪೂರ್ತಿ ಗೊತ್ತಿರುವುದಿಲ್ಲ.

ಬಿಪಿಎಲ್ ರೇಷನ್ ಕಾರ್ಡ್ ಇದ್ದರೆ ಕರ್ನಾಟಕದಲ್ಲಿ 'ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ' ಯೋಜನೆಯಡಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಮನೆಯವರು "ಅದು ನಮಗಲ್ಲ ಬಿಡಿ" ಎಂದುಕೊಂಡಿರುತ್ತಾರೆ. ಅವರಿಗೂ ಇದೆ. ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಇಲ್ಲಿ ಒಂದು ತೊಡಕಿದೆ. ತುರ್ತು ಅಲ್ಲದಿದ್ದರೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ಆ ಪತ್ರ ಇಲ್ಲದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುಮ್ನೆ ಅಲೆದವರು ಬಹಳ ಜನ.

ಮನೆಯಲ್ಲಿ 70 ವರ್ಷ ದಾಟಿದ ಹಿರಿಯರಿದ್ದಾರಾ? 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 'ಆಯುಷ್ಮಾನ್ ವಯ ವಂದನ' ಎಂಬ ಉಚಿತ ಚಿಕಿತ್ಸೆಯ ಕಾರ್ಡ್ ತಂದಿತು. ಇದಕ್ಕೆ ಆದಾಯದ ಮಿತಿ ಇಲ್ಲ, ಆಧಾರ್‌ನಲ್ಲಿರುವ ವಯಸ್ಸೇ ಮುಖ್ಯ. ಖಾಸಗಿ ವಿಮೆ ಇದ್ದವರೂ ಪಡೆಯಬಹುದು. ಕಾರ್ಡ್ ಮಾಡಿಸಿದ್ದೇವೆ ಎಂದು ನೆಮ್ಮದಿಯಿಂದ ಕೂರಬೇಡಿ. ನೀವು ಯಾವಾಗಲೂ ಹೋಗುವ ಆಸ್ಪತ್ರೆ ಅದನ್ನು ಒಪ್ಪುತ್ತದಾ ಎಂದು ಆರೋಗ್ಯಮಿತ್ರರ (ಆಸ್ಪತ್ರೆಯಲ್ಲಿ ಕೂರುವ ಯೋಜನೆಯ ಸಹಾಯಕರು) ಹತ್ತಿರ ಅಥವಾ 14555 ಸಹಾಯವಾಣಿಗೆ ಕರೆ ಮಾಡಿ ಕೇಳಿಬಿಡಿ.

ಇನ್ನು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇರಬಹುದು. ಸಂಬಳದ ಚೀಟಿಯಲ್ಲಿ ಶೇ 0.75 ಕಡಿತ ಆಗಿದ್ದರೆ ಅದೇ. ಕಂಪನಿ ಕೊಟ್ಟ ಗ್ರೂಪ್ ಪಾಲಿಸಿಯೂ ಇರಬಹುದು. ಕೆಲಸ ಬಿಟ್ಟ ದಿನವೇ ಅದು ಸಾಮಾನ್ಯವಾಗಿ ಮುಗಿಯುತ್ತದೆ. ಅದೊಂದನ್ನೇ ನಂಬಿ 55ನೇ ವಯಸ್ಸಿನವರೆಗೆ ಬಂದುಬಿಟ್ಟರೆ, ಆಮೇಲೆ ಸ್ವಂತ ಪಾಲಿಸಿ ತೆಗೆದುಕೊಳ್ಳುವಾಗ ಬಿಪಿ, ಶುಗರ್ ಎಲ್ಲ ಜೊತೆಗೆ ಬಂದಿರುತ್ತವೆ.

ಮಾಹಿತಿ ಹಾಳೆ ಹುಡುಕಿ

ಸ್ವಂತ ಪಾಲಿಸಿ ಇದ್ದರೆ ಅದರಲ್ಲಿ 'ಕಸ್ಟಮರ್ ಇನ್ಫರ್ಮೇಷನ್ ಶೀಟ್' ಎಂಬುದು ಇರಬೇಕು. ನಲವತ್ತು ಪುಟದ ಪಾಲಿಸಿಯ ಸಾರವನ್ನು ಸುಲಭ ಮಾತಿನಲ್ಲಿ ಹೇಳುವ ಹಾಳೆ ಇದು. ಕಂಪನಿ ಇದನ್ನು ಕೊಡಲೇಬೇಕು. ಸ್ಥಳೀಯ ಭಾಷೆಯಲ್ಲಿ ಬೇಕು ಎಂದು ಕೇಳಿದರೆ ಅದನ್ನೂ ಕೊಡಬೇಕು. ನಾನು ಕನ್ನಡದ ಹಾಳೆ ಕೇಳಿದಾಗ ಫೋನಿನ ಆ ಕಡೆ ಒಂದು ಕ್ಷಣ ಮೌನ. ಆದರೆ ವಾರದಲ್ಲಿ ಬಂತು. ಪೆನ್ನು ಹಿಡಿದು ಅದರಲ್ಲಿ ಮೂರು ವಿಷಯಕ್ಕೆ ಗೆರೆ ಎಳೆಯಿರಿ: ರೂಮ್ ಬಾಡಿಗೆಯ ಮಿತಿ, ಕಾಯುವ ಅವಧಿ (ಕೆಲವು ಕಾಯಿಲೆಗೆ ಹಣ ಸಿಗದ ಮೊದಲ ವರ್ಷಗಳು), ಕೋ-ಪೇ (ಮಂಜೂರಾದ ಹಣದಲ್ಲಿ ನೀವೇ ಕಟ್ಟಬೇಕಾದ ಪಾಲು).

ರೂಮ್ ಬಾಡಿಗೆ ಎಂಬ ಗುಂಡಿ

ನನ್ನನ್ನು ಬೀಳಿಸಿದ್ದು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

5 ಲಕ್ಷದ ಪಾಲಿಸಿ. ರೂಮ್ ಬಾಡಿಗೆ ಮಿತಿ ದಿನಕ್ಕೆ ವಿಮೆಯ ಮೊತ್ತದ ಶೇ 1, ಅಂದರೆ 5,000 ರೂಪಾಯಿ. ನೀವು 10,000ದ ರೂಮ್ ತೆಗೆದುಕೊಳ್ಳುತ್ತೀರಿ. ಐದು ದಿನಕ್ಕೆ 25,000 ಹೆಚ್ಚುವರಿ, ಅಷ್ಟು ತಾನೇ, ನಾವೇ ಕಟ್ಟಿದರಾಯಿತು ಎಂದುಕೊಳ್ಳುತ್ತೀರಿ. ಲೆಕ್ಕ ಹಾಗೆ ನಡೆಯುವುದಿಲ್ಲ. ಅರ್ಹತೆಗಿಂತ ಎರಡು ಪಟ್ಟು ದುಬಾರಿ ರೂಮ್ ತೆಗೆದುಕೊಂಡಿದ್ದೀರಿ. ಹಾಗಾಗಿ ರೂಮಿನ ದರ್ಜೆ ಏರಿದಂತೆ ಏರುವ ಖರ್ಚುಗಳೂ ಅರ್ಧವಾಗುತ್ತವೆ. ಸರ್ಜನ್ ಫೀಸು, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಇದರೊಳಗೆ ಬರುತ್ತವೆ. ರೂಮಿಗೆ 50,000, ಈ ಖರ್ಚುಗಳಿಗೆ 1,50,000, ಔಷಧ ಮತ್ತು ಪರೀಕ್ಷೆಗಳಿಗೆ 60,000 ಆಯಿತು ಅಂದುಕೊಳ್ಳಿ. ಒಟ್ಟು 2,60,000. ಕಂಪನಿ ರೂಮಿಗೆ 25,000, ಸರ್ಜನ್ ಫೀಸು ಮುಂತಾದ ಖರ್ಚಿಗೆ 75,000 ಕೊಡುತ್ತದೆ. ಔಷಧ, ಪರೀಕ್ಷೆಗೆ ಈ ಕಡಿತ ಇಲ್ಲ, 60,000 ಪೂರ್ತಿ. ಒಟ್ಟು 1,60,000. ನಿಮ್ಮ ಜೇಬಿನಿಂದ ಹೋಗಿದ್ದು 25,000 ಅಲ್ಲ, ಒಂದು ಲಕ್ಷ.

ಪಾಲಿಸಿ 5 ಲಕ್ಷದ್ದು, ಬಿಲ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೂ ಲಕ್ಷ ಹೋಯಿತು. 2024ರ ಸುಧಾರಣೆ ಈ ಗುಂಡಿಯನ್ನು ಮುಚ್ಚಿಲ್ಲ. ಆದ್ದರಿಂದ ಎರಡು ದಾರಿ. ರಿನ್ಯೂ ಮಾಡುವಾಗ ರೂಮ್ ಮಿತಿ ಇಲ್ಲದ ಪಾಲಿಸಿಗೆ ಹೋಗಿ. ಇಲ್ಲದಿದ್ದರೆ ಅಡ್ಮಿಟ್ ಆಗುವಾಗಲೇ "ನಮ್ಮ ಪಾಲಿಸಿಗೆ ಯಾವ ರೂಮ್ ಬರುತ್ತದೆ?" ಎಂದು ಕೇಳಿ ಅದನ್ನೇ ತೆಗೆದುಕೊಳ್ಳಿ. ನೋಡಲು ಬರುವ ನೆಂಟರು ಏನಾದರೂ ಅಂದುಕೊಳ್ಳಲಿ.

ಕೋ-ಪೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇ 20 ಎಂದಿದ್ದರೆ ಮಂಜೂರಾದ ಪ್ರತಿ ನೂರು ರೂಪಾಯಿಯಲ್ಲಿ ಇಪ್ಪತ್ತು ನಿಮ್ಮದು. ಹಿರಿಯರ ಪಾಲಿಸಿಗಳಲ್ಲಿ ಇದು ಸಾಮಾನ್ಯ.

ಇದ್ದ ಕಾಯಿಲೆಯನ್ನು ಬರೆದುಬಿಡಿ

"ಸರ್, ಬಿಪಿ ಮಾತ್ರೆ ಅಂತೆಲ್ಲ ಬರೆದ್ರೆ ಪ್ರೀಮಿಯಂ ಜಾಸ್ತಿ ಆಗುತ್ತೆ. ಸುಮ್ನೆ 'ಇಲ್ಲ' ಅಂತ ಹಾಕ್ತೀನಿ." ಇಂಥ ಮಾತು ಹೇಳುವ ಏಜೆಂಟ್ ನಿಮಗೂ ಸಿಕ್ಕಿರಬಹುದು. ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾನೆ. ಆದರೆ ಕ್ಲೇಮ್ ತಿರಸ್ಕಾರವಾದ ದಿನ ಅವನು ನಿಮ್ಮ ಪಕ್ಕದಲ್ಲಿ ಇರುವುದಿಲ್ಲ.

ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು ನಾಲ್ಕು ವರ್ಷದವರೆಗೆ ಕಾಯಿಸಬಹುದಿತ್ತು. 2024ರ ಏಪ್ರಿಲ್‌ನಿಂದ ಅದು ಗರಿಷ್ಠ ಮೂರು ವರ್ಷ. ಹರ್ನಿಯಾ, ಕಣ್ಣಿನ ಪೊರೆ, ಮಂಡಿಚಿಪ್ಪು ಬದಲಾವಣೆಯಂಥ ಹೆಸರಿಸಿದ ಚಿಕಿತ್ಸೆಗಳಿಗೂ ಮೂರು ವರ್ಷವೇ ಗರಿಷ್ಠ. ಇನ್ನೊಂದು ದೊಡ್ಡ ಬದಲಾವಣೆ ಇದೆ. ಐದು ವರ್ಷ ಬಿಡದೆ ಪ್ರೀಮಿಯಂ ಕಟ್ಟಿದ್ದರೆ, ಆಮೇಲೆ "ನೀವು ಅರ್ಜಿಯಲ್ಲಿ ಈ ಕಾಯಿಲೆ ಹೇಳಿರಲಿಲ್ಲ" ಎಂದು ಕಂಪನಿ ತಕರಾರು ಎತ್ತುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. ಮೊದಲು ಇದು ಎಂಟು ವರ್ಷವಿತ್ತು. ಇದನ್ನು ಕೇಳಿ "ಹಾಗಾದರೆ ಮುಚ್ಚಿಟ್ಟು ಐದು ವರ್ಷ ದೂಡೋಣ" ಎಂದು ಲೆಕ್ಕ ಹಾಕಬೇಡಿ. ಹೃದಯಾಘಾತ ಐದು ವರ್ಷ ಕಾಯುವುದಿಲ್ಲ ಅಲ್ವಾ? ಹಿಂದೆ ಏನಾದರೂ ಬಿಟ್ಟುಹೋಗಿದ್ದರೆ ಈಗಲೇ ಕಂಪನಿಗೆ ಬರೆದು ತಿಳಿಸುವುದು ಮೇಲು. ಪ್ರೀಮಿಯಂ ಸ್ವಲ್ಪ ಏರಬಹುದು, ಏರಲಿ. ವಿಮೆಯ ಮೊತ್ತ ಹೆಚ್ಚಿಸಿಕೊಂಡರೆ, ಹೆಚ್ಚಿಸಿದ ಭಾಗಕ್ಕೆ ಈ ಐದು ವರ್ಷದ ಎಣಿಕೆ ಅಂದಿನಿಂದ ಹೊಸದಾಗಿ ಶುರುವಾಗುತ್ತದೆ ಎಂಬುದೂ ನೆನಪಿರಲಿ.

65 ದಾಟಿದವರಿಗೆ ಹೊಸ ಪಾಲಿಸಿ ಸಿಗುವುದಿಲ್ಲ ಎಂಬುದು ಹಳೆಯ ಮಾತು. ಎಲ್ಲ ವಯಸ್ಸಿನವರಿಗೂ ಪಾಲಿಸಿ ಇರಬೇಕು ಎಂದು ಈಗ ನಿಯಮವಿದೆ. ಸಿಗುತ್ತದೆ, ಆದರೆ ಅಗ್ಗವಾಗಿ ಸಿಗುವುದಿಲ್ಲ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಮಾತಾಡಬೇಕು. 2025ರ ಜನವರಿಯಿಂದ ಹೀಗಿದೆ.

ರಿನ್ಯೂವಲ್ ನೋಟಿಸಿನ ಎರಡು ಸಾಲು

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಸೇರಿ ಒಂದೇ ಮೊತ್ತದ) ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಮೊದಲು 20,000ದ ಪ್ರೀಮಿಯಂಗೆ ಶೇ 18 ಸೇರಿ 23,600 ಕಟ್ಟುತ್ತಿದ್ದಿರಿ. ಈಗ ನೋಟಿಸಿನಲ್ಲಿ 22,500 ಎಂದು ಬಂದರೆ "ಪರವಾಗಿಲ್ಲ, ಇಳಿದಿದೆ" ಎಂದು ಖುಷಿಪಡುವ ಮೊದಲು ಹಳೆಯ ರಸೀದಿ ತೆಗೆಯಿರಿ. ತೆರಿಗೆ ಬಿಟ್ಟು ಮೂಲ ಪ್ರೀಮಿಯಂ ಎಷ್ಟಿತ್ತು, ಈಗ ಎಷ್ಟಿದೆ ಎಂದು ಅಕ್ಕಪಕ್ಕ ಇಟ್ಟು ನೋಡಿ. ಮೂಲ 20,000ದಿಂದ 22,500ಕ್ಕೆ ಏರಿದೆ! ವಯಸ್ಸಿನ ಹಂತ ದಾಟಿದ್ದಕ್ಕೆ ಏರಿದ್ದರೆ ಸರಿ, ಇಲ್ಲದಿದ್ದರೆ ಕಾರಣ ಕೇಳಿ. ಗ್ರೂಪ್ ಪಾಲಿಸಿಗೆ ಈ ವಿನಾಯಿತಿ ಇಲ್ಲ. ಆಫೀಸಿನ ಪಾಲಿಸಿಯಲ್ಲಿ ಅಪ್ಪ-ಅಮ್ಮನನ್ನು ಸೇರಿಸಿ ದುಡ್ಡು ಕಟ್ಟುತ್ತಿರುವವರು ಇದನ್ನು ಗಮನಿಸಿ.

ಕಂಪನಿ ಇಷ್ಟವಾಗದಿದ್ದರೆ ಬದಲಾಯಿಸಬಹುದು. ಇದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಕಳೆದ ಕಾಯುವ ವರ್ಷಗಳು ಹಳೆಯ ಮೊತ್ತದ ಮಟ್ಟಿಗೆ ನಿಮ್ಮ ಜೊತೆಗೇ ಬರುತ್ತವೆ. ಆದರೆ ರಿನ್ಯೂ ದಿನಾಂಕಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಬೇಕು. ಹೊಸ ಕಂಪನಿ ನಿಮ್ಮ ಆರೋಗ್ಯ ನೋಡಿ ಬೇಡ ಎನ್ನಲೂಬಹುದು. ಆದ್ದರಿಂದ ಅವರು ಹೂಂ ಎನ್ನುವವರೆಗೆ ಹಳೆಯದನ್ನು ಬಿಡಬೇಡಿ.

ಆಸ್ಪತ್ರೆಗೆ ಹೋದ ದಿನ

ಮೊದಲೇ ಗೊತ್ತಿರುವ ಆಪರೇಷನ್ ಆದರೆ 48 ಗಂಟೆ ಮೊದಲು ಕಂಪನಿಗೆ ತಿಳಿಸಿ. ತುರ್ತಾಗಿ ಸೇರಿದರೆ, ಸೇರಿದ ಮೇಲೆ ಆದಷ್ಟು ಬೇಗ. ಕಂಪನಿಯ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು) ಕೇಳಬಹುದು. 2024ರ ಜನವರಿಯಲ್ಲಿ ವಿಮೆ ಕಂಪನಿಗಳ ಒಕ್ಕೂಟವಾದ ಸಾಮಾನ್ಯ ವಿಮಾ ಮಂಡಳಿ ಈ ವ್ಯವಸ್ಥೆ ತಂದಿತು.

ಕ್ಯಾಶ್‌ಲೆಸ್ ಅರ್ಜಿ ಬಂದ ಒಂದು ಗಂಟೆಯೊಳಗೆ ಕಂಪನಿ ಉತ್ತರ ಹೇಳಬೇಕು. ಡಿಸ್ಚಾರ್ಜ್ ಕೋರಿಕೆ ಆಸ್ಪತ್ರೆಯಿಂದ ಹೋದ ಮೂರು ಗಂಟೆಯೊಳಗೆ ಅಂತಿಮ ಮಂಜೂರಾತಿ ಬರಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಕಟ್ಟಬೇಕು. ಇಲ್ಲೊಂದು ಸೂಕ್ಷ್ಮವಿದೆ. ಗಡಿಯಾರ ಶುರುವಾಗುವುದು ಡಾಕ್ಟರ್ "ಮನೆಗೆ ಹೋಗಿ" ಎಂದಾಗ ಅಲ್ಲ, ಆಸ್ಪತ್ರೆಯ ಕೋರಿಕೆ ಕಂಪನಿಗೆ ಮುಟ್ಟಿದಾಗ. ಅರ್ಧ ದಿನ ಹಾಳಾಗುವುದು ಎಷ್ಟೋ ಸಲ ಈ ಎರಡರ ನಡುವೆ. ಡಾಕ್ಟರ್ ಹೇಳಿದ ತಕ್ಷಣ ಇನ್ಷೂರೆನ್ಸ್ ಡೆಸ್ಕಿಗೆ ಹೋಗಿ "ಫೈನಲ್ ಬಿಲ್ ಎಷ್ಟು ಹೊತ್ತಿಗೆ ಕಳಿಸಿದಿರಿ?" ಎಂದು ಕೇಳಿ, ಸಮಯ ಬರೆದಿಟ್ಟುಕೊಳ್ಳಿ. ಬರೆದಿಟ್ಟುಕೊಳ್ಳುವುದು ಅವರಿಗೆ ಕಾಣಲಿ.

ಕ್ಲೇಮ್ ಆಗಲ್ಲ ಎಂದರೆ

ಬಾಯಿಮಾತಿನ 'ಇಲ್ಲ'ವನ್ನು ಒಪ್ಪಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಬರಹದಲ್ಲಿ ಕೇಳಿ. ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕಿ. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದೂರು ಹಾಕಬಹುದು. 155255ಕ್ಕೆ ಫೋನ್ ಮಾಡಿದರೂ ನಡೆಯುತ್ತದೆ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಕಾಣದಿದ್ದರೆ, ದೂರು ಕೇಳಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, ಆಮೇಲೆ ಬಾಗಿಲು ಮುಚ್ಚುತ್ತದೆ. ತೀರ್ಪು ನಿಮ್ಮ ಪರ ಬಂದರೆ ಕಂಪನಿ 30 ದಿನದಲ್ಲಿ ಪಾಲಿಸಬೇಕು. ಪಾಲಿಸದಿದ್ದರೆ ತಡವಾದ ಪ್ರತಿ ದಿನಕ್ಕೂ 5,000 ರೂಪಾಯಿ ಲೆಕ್ಕದಲ್ಲಿ ನಿಮಗೇ ಕೊಡಬೇಕು. ತೀರ್ಪಿನ ಪ್ರತಿ ಕೈಗೆ ಬಂದ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.