ಎಂ.ಎಸ್‌ಸಿ. ನರ್ಸಿಂಗ್ ಸೇರುವವರೇ, ಓರಿಯೆಂಟೇಷನ್‌ಗೆ ಮುಂಚೆ ಇಷ್ಟು ಮಾಡಿಕೊಳ್ಳಿ

ಸೀಟು ಸಿಕ್ಕಿತಲ್ಲ, ಇನ್ನೂ ಟೈಮ್ ಇದೆ ಅಂತ ಸುಮ್ನೆ ಕೂರಬೇಡಿ.

ಮೊದಲು ಹೆಪಟೈಟಿಸ್ ಬಿ ಲಸಿಕೆಯ ಕಾರ್ಡ್ ಹುಡುಕಿ. ಮೂರು ಡೋಸ್ ಆಗಿರಬೇಕು. ಮೊದಲನೇ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು, ಆ ಮೊದಲನೇ ಡೋಸಿನಿಂದಲೇ ಲೆಕ್ಕ ಹಾಕಿ ಆರು ತಿಂಗಳಿಗೆ ಮೂರನೆಯದು. ನನ್ನ ಕಾರ್ಡಿನಲ್ಲಿ ಮೂರನೇ ಸಾಲು ಖಾಲಿ ಇತ್ತು. ಬಿ.ಎಸ್‌ಸಿ. ಪರೀಕ್ಷೆಯ ಗಡಿಬಿಡಿಯಲ್ಲಿ ಬಿಟ್ಟುಹೋಗಿತ್ತು. ಹೀಗಾದರೆ ಮೊದಲಿಂದ ಶುರು ಮಾಡಬೇಕಿಲ್ಲ, ಉಳಿದ ಡೋಸ್ ಹಾಕಿಸಿಕೊಂಡರೆ ಸಾಕು. ಅದಾಗಿ ಒಂದೆರಡು ತಿಂಗಳಿಗೆ ಲಸಿಕೆ ಕೆಲಸ ಮಾಡಿದೆಯಾ ಅಂತ ತಿಳಿಯಲು ಆಂಟಿ-ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸಿ. ವರದಿಯಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ ಎಂದರ್ಥ. ನೈಟ್ ಡ್ಯೂಟಿಯಲ್ಲಿ ಕೈಗೆ ಸೂಜಿ ಚುಚ್ಚಿಕೊಂಡಾಗ ಆ ಒಂದು ಅಂಕಿ ಎಷ್ಟು ಧೈರ್ಯ ಕೊಡುತ್ತದೆ ಅಂತ ನನಗೆ ಗೊತ್ತು.

ಬೇರೆ ಯೂನಿವರ್ಸಿಟಿಯಲ್ಲಿ ಓದಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜಿಗೆ ಬರುತ್ತಿದ್ದೀರಾ? ಹಳೆಯ ಯೂನಿವರ್ಸಿಟಿ ಕೊಡುವ ಮೈಗ್ರೇಷನ್ ಸರ್ಟಿಫಿಕೇಟಿಗೆ ಇವತ್ತೇ ಅರ್ಜಿ ಹಾಕಿ. ನರ್ಸಿಂಗ್ ಕೌನ್ಸಿಲ್ ನೋಂದಣಿ, ಅಂಕಪಟ್ಟಿ, ಅನುಭವ ಪತ್ರ ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್ ಇರಲಿ. ಅನುಭವ ಪತ್ರಕ್ಕಾಗಿ ನಾನು ಕೆಲಸ ಮಾಡಿದ ಆಸ್ಪತ್ರೆಗೆ ನಾಲ್ಕು ಸಲ ಅಲೆದೆ. ಕೊನೆಗೆ ಕೊಟ್ಟದ್ದರಲ್ಲಿ ಸೇರಿದ ತಾರೀಖೇ ತಪ್ಪು! ಕೈಗೆ ಬಂದ ಕೂಡಲೇ ಕೌಂಟರಿನ ಮುಂದೆಯೇ ನಿಂತು ಓದಿ.

ಬಟ್ಟೆ, ಬ್ಯಾಗು ಹೇಗೋ ಆಗುತ್ತದೆ.

ಕೋರ್ಸ್ ಇರುವುದೇ ಎರಡು ವರ್ಷ, ಡಿಸರ್ಟೇಷನ್‌ಗೆ, ಅಂದರೆ ಸಂಶೋಧನಾ ಪ್ರಬಂಧಕ್ಕೆ, ವಿಷಯ ಬೇಗ ಕೇಳುತ್ತಾರೆ. ವಾರ್ಡಿನಲ್ಲಿ ನಿಮ್ಮನ್ನು ಕಾಡಿದ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಸಿಸೇರಿಯನ್ ಆದ ತಾಯಂದಿರು ಮೊದಲ ಗಂಟೆಯಲ್ಲೇ ಎದೆಹಾಲು ಕೊಡಲು ಏನು ಅಡ್ಡಿ ಅಂತ ನಾನು ಬರೆದಿದ್ದೆ. ಅದೇ ನನ್ನ ವಿಷಯವಾಯಿತು.