ಶಿವಗಂಗೆ ಹತ್ತುವುದು ಹೀಗೆ: ಬ್ಯಾಗಿನ ಜಿಪ್ ಹಾಕಿ, ಆತುರ ಬಿಡಿ

ಬೆಂಗಳೂರಿನಿಂದ ಅರ್ಧ ದಿನದಲ್ಲಿ ಹತ್ತಿ ಬರುವ ಬೆಟ್ಟ ಯಾವುದು ಅಂತ ಯಾರಾದರೂ ಕೇಳಿದರೆ ನಾನು ನಂದಿಬೆಟ್ಟ ಹೇಳುವುದಿಲ್ಲ. ಅಲ್ಲಿ ಕಾರಿನಲ್ಲೇ ಮೇಲೆ ಹೋಗಿಬಿಡಬಹುದು, ಅಲ್ವಾ? ಶಿವಗಂಗೆಯಲ್ಲಿ ಆ ಆಟ ನಡೆಯುವುದಿಲ್ಲ. ತುದಿ ನೋಡಬೇಕಾದರೆ ಕಾಲೇ ಗತಿ. ಹಾಗಂತ ಹೆದರಬೇಕಿಲ್ಲ. ದಾರಿಯುದ್ದಕ್ಕೂ ಮೆಟ್ಟಿಲುಗಳಿವೆ, ಎಷ್ಟೋ ಕಡೆ ಬಂಡೆಯಲ್ಲೇ ಕಡಿದವು. ಅಜ್ಜಿಯರು ಬರಿಗಾಲಲ್ಲಿ ಹತ್ತುತ್ತಾರೆ.

ಮೊದಲು ಹೊರಡುವ ಹೊತ್ತು. ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆವರೆಗೆ ಸುಮಾರು 50 ಕಿ.ಮೀ., ಅಲ್ಲಿಂದ ಎಡಕ್ಕೆ ತಿರುಗಿದರೆ ಇನ್ನು ಏಳೆಂಟು ಕಿ.ಮೀ. ತುಮಕೂರು ಬಸ್ಸಿನಲ್ಲಿ ಬಂದವರು ದಾಬಸ್‌ಪೇಟೆಯಲ್ಲಿ ಇಳಿದು ಆಟೊ ಹಿಡಿಯಬಹುದು. ಏಳು ಗಂಟೆಯೊಳಗೆ ಬುಡದಲ್ಲಿದ್ದರೆ ಒಳ್ಳೆಯದು. ಬೆಟ್ಟದ ಮೇಲ್ಭಾಗವೆಲ್ಲ ಬೋಳು ಬಂಡೆ. ಹತ್ತು ಗಂಟೆ ಆಯಿತೆಂದರೆ ಕಲ್ಲು ಕಾದ ಹೆಂಚಾಗುತ್ತದೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹಿತವಾದ ಕಾಲ. ಮಳೆ ಬೀಳುತ್ತಿದ್ದರೆ ಮಾತ್ರ ಸುಮ್ನೆ ವಾಪಸ್ ಹೋಗಿ. ಒದ್ದೆ ಬಂಡೆ ಯಾರ ಮಾತೂ ಕೇಳುವುದಿಲ್ಲ.

ಈಗ ಕೋತಿಗಳ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಾನು ಪಾಠ ಕಲಿತದ್ದು ಒಂದು ಡಬ್ಬಿ ಚಿತ್ರಾನ್ನ ಕಳೆದುಕೊಂಡು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ತೂಗಾಡಿಸಿಕೊಂಡು ಹೊರಟಿದ್ದೆ. ಐವತ್ತು ಮೆಟ್ಟಿಲು ದಾಟುವುದರೊಳಗೆ ಕವರ್ ಮರದ ಮೇಲಿತ್ತು. ಕವರಿನ ಪರಪರ ಸದ್ದೇ ಅವಕ್ಕೆ ಊಟದ ಗಂಟೆ. ಆದ್ದರಿಂದ ಎಲ್ಲವೂ ಬೆನ್ನಿಗೆ ಹಾಕುವ ಬ್ಯಾಗಿನೊಳಗೆ ಹೋಗಲಿ, ನೀರಿನ ಬಾಟಲಿ ಸಹ. ಪಕ್ಕದ ಜೇಬಿನಲ್ಲಿ ಬಾಟಲಿ ಇಟ್ಟರೆ ಅದು ನಿಮ್ಮದಲ್ಲ. ಸೌತೆಕಾಯಿ ಕೊಂಡರೆ ಅಂಗಡಿಯ ಪಕ್ಕದಲ್ಲೇ ನಿಂತು ತಿಂದು ಮುಗಿಸಿ. ಅಂಗಡಿಯವರ ಕೈಯಲ್ಲಿ ಕೋಲಿರುತ್ತದೆ. ಹಾಗೂ ಕಿತ್ತುಕೊಂಡರೆ ಎಳೆದಾಡಬೇಡಿ, ಬಿಟ್ಟುಬಿಡಿ. ಕಚ್ಚಿಸಿಕೊಂಡರೆ ಚಿತ್ರಾನ್ನಕ್ಕಿಂತ ದುಬಾರಿ.

ತಲಾ ಒಂದೂವರೆ ಲೀಟರ್ ನೀರು, ಟೋಪಿ, ಹಿಡಿತವಿರುವ ರಬ್ಬರ್ ಅಡಿಯ ಷೂ. ಇಷ್ಟು ಸಾಕು. ಬೆಳಗಿನ ಹೊತ್ತು ಎಲ್ಲ ಅಂಗಡಿಗಳೂ ತೆರೆದಿರುವುದಿಲ್ಲ, ಮಜ್ಜಿಗೆ ಸಿಗುತ್ತದೆ ಅಂತ ನೀರು ಬಿಟ್ಟು ಹೋಗಬೇಡಿ.

ಹತ್ತುವಾಗ ಮೊದಲು ಸಿಗುವುದು ಗವಿಯಲ್ಲಿರುವ ಗಂಗಾಧರೇಶ್ವರ. ಅಭಿಷೇಕಕ್ಕೆ ಕೊಟ್ಟ ತುಪ್ಪ ಇಲ್ಲಿ ಬೆಣ್ಣೆಯಾಗುತ್ತದೆ ಎಂಬ ಮಾತು ಹಳೇ ಮೈಸೂರಿನಲ್ಲೆಲ್ಲ ಪ್ರಸಿದ್ಧ. ಕೈ ಮುಗಿದು ಮುಂದೆ ಹೋಗಿ, ಸಾವಕಾಶದ ದರ್ಶನವನ್ನು ಇಳಿಯುವಾಗ ಇಟ್ಟುಕೊಳ್ಳಿ. ತಂಪು ಹೊತ್ತು ಮೇಲಿನ ಬಂಡೆಗೆ ಬೇಕು. ಒಳಕಲ್ಲು ತೀರ್ಥವನ್ನೂ ಹೀಗೇ ಮಾಡಿ. ಅಲ್ಲಿ ಕಲ್ಲಿನ ಒರಳಿನಂಥ ಕುಳಿಗೆ ಕೈ ಇಳಿಬಿಡಬೇಕು. ಪುಣ್ಯ ಮಾಡಿದವರಿಗೆ ಮಾತ್ರ ನೀರು ತಾಕುತ್ತದಂತೆ. ಉದ್ದ ಕೈಯವರು ಪುಣ್ಯ ಜಾಸ್ತಿ ಮಾಡಿರುತ್ತಾರೆ ಅನ್ನುವುದು ನಾನು ಕಂಡುಕೊಂಡ ಸತ್ಯ.

ಅಲ್ಲಿಂದ ಮೇಲೆ ಬೆಟ್ಟದ ಸ್ವಭಾವ ಬದಲಾಗುತ್ತದೆ. ಮೆಟ್ಟಿಲು ಕಿರಿದು, ಏರು ಕಡಿದು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ. ಫೋನ್ ಜೇಬಿನಲ್ಲಿರಲಿ. ಎದುರಿನಿಂದ ಇಳಿಯುವವರು ಬಂದರೆ ಅಗಲ ಇರುವ ಕಡೆ ನಿಂತು ಅವರನ್ನು ಬಿಡಿ, ನಿಮಗೂ ಉಸಿರು ತಿರುಗುತ್ತದೆ. ಎಣಿಸಿ ನಲವತ್ತು ಮೆಟ್ಟಿಲು ಹತ್ತುವುದು, ಒಂದು ನಿಮಿಷ ನಿಲ್ಲುವುದು. ಇದು ನನ್ನ ಲೆಕ್ಕ. ಹೀಗೆ ಹೋದರೆ ಬುಡದಿಂದ ತುದಿಗೆ ಒಂದೂವರೆಯಿಂದ ಎರಡು ಗಂಟೆ. ಓಡಿ ಹತ್ತಿದ ಹುಡುಗರು ಅರ್ಧ ದಾರಿಯಲ್ಲಿ ಕೂತಿರುವುದು ಪ್ರತಿ ಸಲವೂ ಸಿಗುವ ದೃಶ್ಯ.

ಬಂಡೆಯ ಮೇಲೆ ಕೂತ ಬಸವಣ್ಣನಿಗೆ ಸುತ್ತು ಹಾಕುವ ಜಾಗ ಬಹಳ ಇಕ್ಕಟ್ಟು. ಎತ್ತರಕ್ಕೆ ಹೆದರುವವರು ಕೆಳಗಿನಿಂದಲೇ ನಮಸ್ಕಾರ ಮಾಡಿದರೆ ಬಸವಣ್ಣ ಬೇಜಾರು ಮಾಡಿಕೊಳ್ಳುವುದಿಲ್ಲ.

ತುದಿಯಲ್ಲಿ ಗಾಳಿ ಜೋರು, ಟೋಪಿ ತೆಗೆದಿಡಿ. ಕೆಳಗೆ ಹೊಲ, ಕೆರೆ, ದೂರದಲ್ಲಿ ದಾಬಸ್‌ಪೇಟೆಯ ಕಾರ್ಖಾನೆಗಳ ಹೊಳೆಯುವ ತಗಡು. ಒಂದು ಅಂಚಿಗೆ ಶಾಂತಲಾ ಡ್ರಾಪ್ ಎಂಬ ಹೆಸರಿದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಇಲ್ಲಿಂದ ಹಾರಿದಳು ಅನ್ನುವುದು ಜನರ ಬಾಯಿಮಾತು. ಅದೇನೇ ಇರಲಿ, ಸೆಲ್ಫಿಗಾಗಿ ಅಂಚಿನವರೆಗೆ ಹೋಗಬೇಡಿ.

ಇಳಿಯುವುದು ಸುಲಭ ಅಂದುಕೊಳ್ಳುತ್ತೇವೆ. ಮಂಡಿಗೆ ಕೇಳಿ ನೋಡಿ! ಕಡಿದಾದ ಕಡೆ ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯಿರಿ. ಮೆಟ್ಟಿಲ ಮೇಲೆ ಮರಳು ಇದ್ದರೆ ಅದನ್ನು ತಪ್ಪಿಸಿ ಕಾಲಿಡಿ. ಹೊಸಬರು ಜಾರುವುದು ಹೆಚ್ಚಾಗಿ ಇಲ್ಲೇ. ಬರುತ್ತಾ ಒಳಕಲ್ಲು, ಗಂಗಾಧರೇಶ್ವರ ಎರಡನ್ನೂ ನೋಡಿಕೊಳ್ಳಿ. ಹನ್ನೊಂದರೊಳಗೆ ಬುಡ ತಲುಪಿದರೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಇನ್ನೂ ಸಿಕ್ಕೀತು. ಬೆಂಗಳೂರಿನವರಿಗೆ ಅದು ಉಲ್ಟಾ ದಿಕ್ಕು, ಗೊತ್ತು. ನಾನಂತೂ ಪ್ರತಿ ಸಲ ಆ ಕಡೆಗೇ ತಿರುಗುತ್ತೇನೆ.